ಧಮನಿಯ ಹರಿವಿಗೆ ಗಣಿತದ ಅಳತೆ

‘ಹೃದಯದ ಧಮನಿ ಅರ್ಧದಷ್ಟು ಕಟ್ಟಿಕೊಂಡಿದೆ’ ಎಂದು ವೈದ್ಯರು ಹೇಳಿದರೆ ಮನೆಮಂದಿಯ ಜಂಘಾಬಲವೇ ಉಡುಗಿಹೋಗುತ್ತದೆ. ಆದರೆ ಈ ‘ಅರ್ಧ’ದ ಅರ್ಥವೇನು? ನಾಳ ಕಿರಿದಾಗುವುದು ಒಂದು ಸಂಗತಿ. ಅದರಾಚೆಯ ಸ್ನಾಯುವಿಗೆ ರಕ್ತ ಸಾಲದೆ ಹೋಗುವುದು ಇನ್ನೊಂದು. ಮೊದಲನೆಯದನ್ನು ಚಿತ್ರವೇ ತೋರಿಸುತ್ತದೆ. ಎರಡನೆಯದನ್ನು ಅಳೆದು ತಿಳಿಯಬೇಕು.

ಫ್ರಾನ್ಸಿನ ವೈದ್ಯ ಪ್ವಾಸೆಯ್ 1840ರ ಸುಮಾರಿಗೆ ಸಪೂರವಾದ ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ ಒಂದು ನಿಯಮವನ್ನು ಕಂಡುಕೊಂಡನು. ಒತ್ತಡ ಅಷ್ಟೇ ಇದ್ದು ಕೊಳವೆಯ ವ್ಯಾಸ ಅರ್ಧವಾದರೆ, ಹರಿವು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ! ಆದರೆ ಹೃದಯದ ಧಮನಿ ನೇರವಾದ ಗಾಜಿನ ಕೊಳವೆಯಲ್ಲ. ಅದು ಬಾಗುತ್ತದೆ, ಕವಲೊಡೆಯುತ್ತದೆ, ಮಿಡಿಯುತ್ತದೆ. ಇಕ್ಕಟ್ಟಾದ ಭಾಗ ಬಹುವೇಳೆ ಕೆಲವೇ ಮಿಲಿಮೀಟರು ಉದ್ದವಿದ್ದು, ಮುಂದಿನ ಕಿರುನಾಳಗಳು ಹಿಗ್ಗಿ ಕೊರತೆಯನ್ನು ತುಂಬಿಕೊಳ್ಳಲು ಹೆಣಗುತ್ತವೆ. ಆದುದರಿಂದಲೇ ಒಂದೇ ಬಗೆಯ ಇಕ್ಕಟ್ಟು ಒಬ್ಬನಿಗೆ ಅಪಾಯ, ಇನ್ನೊಬ್ಬನಿಗೆ ನಿರಪಾಯ.

ನೀಕೊ ಪೈಲ್ಸ್, ಬರ್ನಾರ್ಡ್ ಡಿ ಬ್ರೈನ್ ಎಂಬ ವೈದ್ಯರು 1990ರ ದಶಕದಲ್ಲಿ ಧಮನಿಯೊಳಗೆ ಸೂಕ್ಷ್ಮ ತಂತಿಯೊಂದನ್ನು ತೂರಿಸಿ, ಇಕ್ಕಟ್ಟಿನ ಹಿಂದುಮುಂದಿನ ಒತ್ತಡಗಳನ್ನು ಅಳೆಯುವ ಕ್ರಮವನ್ನು ಬೆಳೆಸಿದರು. ಹಿಂದೆ ನೂರಿದ್ದ ಒತ್ತಡ ಮುಂದೆ ಎಂಬತ್ತಕ್ಕೆ ಅಥವಾ ಅದಕ್ಕೂ ಕೆಳಕ್ಕೆ ಇಳಿದರೆ ಚಿಕಿತ್ಸೆ ಆಲೋಚಿಸತಕ್ಕದ್ದು. 2009ರಲ್ಲಿ ಪ್ರಕಟವಾದ, 1005 ರೋಗಿಗಳ ಪರೀಕ್ಷೆಯೊಂದರಲ್ಲಿ ಚಿತ್ರವನ್ನಷ್ಟೇ ನಂಬಿದವರಿಗೆ ಸರಾಸರಿ 2.7 ಸ್ಟೆಂಟುಗಳು ಬಿದ್ದವು. ಅಳೆದು ನಿರ್ಧರಿಸಿದವರಿಗೆ 1.9 ಸಾಕಾದವು. ಸಾವು, ಹೃದಯಾಘಾತ, ಮರುಚಿಕಿತ್ಸೆಗಳ ಒಟ್ಟು ಲೆಕ್ಕವೂ ಒಂದು ವರ್ಷದಲ್ಲಿ ಶೇಕಡಾ 18.3ರಿಂದ 13.2ಕ್ಕೆ ತಗ್ಗಿತು.

ತಂತಿಯನ್ನು ತೂರಿಸದೆಯೇ ಇದನ್ನು ಅರಿಯಬಹುದೆ? ಇಲ್ಲಿಯೇ ಕಂಪ್ಯೂಟರಿನ ಪ್ರವೇಶ. ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಚಾರ್ಲ್ಸ್ ಟೇಲರ್ ಮತ್ತು ಸಂಗಡಿಗರು ಈ ದಾರಿಯನ್ನು ತುಳಿದರು. ಸಿ.ಟಿ. ಚಿತ್ರದಿಂದ ರೋಗಿಯ ಧಮನಿಗಳ ಆಕೃತಿಯನ್ನು ರಚಿಸಿ, ಅದನ್ನು ಅಸಂಖ್ಯ ಪುಟ್ಟ ಕೋಶಗಳಾಗಿ ವಿಭಾಗಿಸಲಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ನೇವಿಯೆ ಮತ್ತು ಸ್ಟೋಕ್ಸ್ ರೂಪಿಸಿದ ದ್ರವಚಲನೆಯ ಸಮೀಕರಣಗಳನ್ನು ಯಂತ್ರವು ಕೋಶಕೋಶಕ್ಕೂ ಬಿಡಿಸಿ, ಒತ್ತಡ ಎಲ್ಲಿ ಎಷ್ಟು ಕುಸಿದಿದೆಯೆಂದು ತಿಳಿಸುತ್ತದೆ. 2014ರಲ್ಲಿ ಅಮೆರಿಕ ಸರಕಾರ ಈ ವಿಧಾನಕ್ಕೆ ಒಪ್ಪಿಗೆಯಿತ್ತಿತು.

ಇದಕ್ಕೂ ಮಿತಿಯುಂಟು. ಧಮನಿಯಲ್ಲಿ ಸುಣ್ಣದ ಅಂಶ ಬಹಳ ಕಟ್ಟಿದ್ದರೆ, ಚಿತ್ರ ಮಸುಕಾಗಿದ್ದರೆ, ಲೆಕ್ಕವೂ ತಪ್ಪೀತು. ಹಠಾತ್ತಾಗಿ ಹೃದಯಾಘಾತವಾದಾಗಲಂತೂ ಲೆಕ್ಕಕ್ಕೆ ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಉಳಿದ ವೇಳೆಯಲ್ಲಿ, ‘ಅರ್ಧ ಕಟ್ಟಿದೆ’ ಎಂಬ ಮಾತು ಕಿವಿಗೆ ಬಿದ್ದಾಗ, ‘ಆಚೆಗೆ ರಕ್ತ ಎಷ್ಟು ಹೋಗುತ್ತಿದೆ, ಸ್ವಾಮಿ?’ ಎಂದು ವೈದ್ಯರನ್ನು ಕೇಳುವುದು ರೋಗಿಯ ಹಕ್ಕು.