ನಿಮಗಿದು ಗೊತ್ತೇ? ಸೋಲದೇವನಹಳ್ಳಿಯ ಮೇಲೆ ಹಾದು ಬಂದ ಅರ್ಕಾವತಿ

ಬೆಂಗಳೂರಿಗೆ ನದಿಯೇ ಇಲ್ಲ ಎಂದು ಹೇಳುವವರು ಬಹಳ. ಆದರೆ ಈ ಊರಿನ ಮನೆಗಳಿಗೆ ಕೊಳವೆಯಲ್ಲಿ ಮೊದಲು ಬಂದದ್ದು ನದಿಯ ನೀರೇ. ಆ ನದಿ ಕಾವೇರಿಯಲ್ಲ, ಅರ್ಕಾವತಿ. ಆ ನೀರನ್ನು ಪಂಪು ಮಾಡಿ ಊರಿನತ್ತ ಎತ್ತಿ ಕಳಿಸಿದ ಜಾಗ ಸೋಲದೇವನಹಳ್ಳಿ.

ಅರ್ಕಾವತಿ ಹುಟ್ಟುವುದು ನಂದಿ ಬೆಟ್ಟದಲ್ಲಿ. ಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1,478 ಮೀಟರ್. ದೊಡ್ಡಬಳ್ಳಾಪುರ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಮಂಚನಬೆಲೆ, ರಾಮನಗರ, ಕನಕಪುರ ದಾಟಿ, ಸುಮಾರು 190 ಕಿಲೋಮೀಟರ್ ಹರಿದು, ಮೇಕೆದಾಟಿಗೆ ಸ್ವಲ್ಪ ಮೊದಲು ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ.

ನಂದಿಯ ಆಸುಪಾಸಿನ ಬೆಟ್ಟಗಳಲ್ಲಿ ಹುಟ್ಟುವುದು ಅರ್ಕಾವತಿ ಒಂದೇ ಅಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಗಳ ಮೂಲವೂ ಅಲ್ಲೇ. ಒಂದು ಆಂಧ್ರದ ಕಡೆಗೆ ಹೊರಟರೆ ಇನ್ನೊಂದು ತಮಿಳುನಾಡಿನ ಹಾದಿ ಹಿಡಿಯುತ್ತದೆ.

ಯಲಹಂಕದಲ್ಲಿ ಬಿದ್ದ ಮಳೆಯೂ ಸೋಲದೇವನಹಳ್ಳಿಯಲ್ಲಿ ಬಿದ್ದ ಮಳೆಯೂ ಬೇರೆ ಬೇರೆ ನದಿ ಸೇರುತ್ತವೆ, ಗೊತ್ತೇ? ಎರಡೂ ಉತ್ತರ ಬೆಂಗಳೂರಿನ ಊರುಗಳೇ, ನಡುವಿನ ದೂರವೂ ಹೆಚ್ಚಿಲ್ಲ. ಆದರೆ ಯಲಹಂಕ ಕೆರೆಯ ಕೋಡಿ ಹರಿದರೆ ನೀರು ಜಕ್ಕೂರು, ರಾಚೇನಹಳ್ಳಿ ಕೆರೆಗಳ ಸಾಲು ಹಿಡಿದು ಪೂರ್ವಕ್ಕೆ ಇಳಿಯುತ್ತದೆ, ದಕ್ಷಿಣ ಪಿನಾಕಿನಿಯ ಮೂಲಕ ಕಡಲೂರಿನ ಬಳಿ ಸಮುದ್ರ ಕಾಣುತ್ತದೆ. ಸೋಲದೇವನಹಳ್ಳಿಯ ನೀರು ಪಶ್ಚಿಮಕ್ಕೆ ಅರ್ಕಾವತಿಗೆ ಇಳಿದು, ಕಾವೇರಿಯಾಗಿ ಪೂಂಪುಹಾರಿನಲ್ಲಿ ಕಡಲಿಗೆ ಸೇರಬೇಕು. ಈ ಎರಡು ಇಳಿಜಾರುಗಳ ನಡುವಿನ ಏಣಿನ ಮೇಲೇ ಬೆಂಗಳೂರು ಕೂತಿದೆ. ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ನದಿ ಅದಕ್ಕಿಂತ ತಗ್ಗಿನಲ್ಲಿದೆ. ಊರಿನ ನೀರಿನ ಕಷ್ಟವೆಲ್ಲ ಈ ಒಂದು ಮಾತಿನಲ್ಲಿದೆ.

ಕೊಳವೆ ನೀರು ಬರುವ ಮೊದಲು ಜನ ಕುಡಿದದ್ದು ಕೆರೆ, ಬಾವಿ, ಕಲ್ಯಾಣಿಗಳ ನೀರು. ಪೇಟೆಗೆ ಆಸರೆಯಾಗಿದ್ದ ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿದೆ.

1876–78ರ ದೊಡ್ಡ ಬರ, ಹಳಬರ ಬಾಯಲ್ಲಿ ಧಾತು ಈಶ್ವರದ ಬರ, ಮೈಸೂರು ಸೀಮೆಯನ್ನೇ ಹಿಂಡಿತು. ಅದಾದ ಮೇಲೆ 1882ರಲ್ಲಿ ಸ್ಯಾಂಕಿ ಕೆರೆ ಕಟ್ಟಿದರು. ಆದರೆ 1891ರ ಜನಗಣತಿಯ ಹೊತ್ತಿಗೆ ಪೇಟೆ, ದಂಡು ಎರಡೂ ಸೇರಿ ಬೆಂಗಳೂರಿನ ಜನ 1,80,000 ದಾಟಿದ್ದರು. ಅಷ್ಟು ಜನಕ್ಕೆ ಊರೊಳಗಿನ ಕೆರೆಗಳು ಸಾಲುವಂತಿರಲಿಲ್ಲ.

ಆಗ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟದ ಕೆರೆಯನ್ನು ದೊಡ್ಡದಾಗಿ ಕಟ್ಟಿಸಿ, ಅಲ್ಲಿಂದ ನಗರಕ್ಕೆ ನೀರು ತರುವ ಯೋಜನೆ ಕೈಗೊಂಡರು. ಮೂರು ವರ್ಷಕ್ಕಾಗುವಷ್ಟು ನೀರು ನಿಲ್ಲಬೇಕೆಂಬುದು ಲೆಕ್ಕ. ಯೋಜನೆಗೆ ಮಹಾರಾಜರ ಹೆಸರು ಸೇರಿಸಿ ಚಾಮರಾಜೇಂದ್ರ ವಾಟರ್ ವರ್ಕ್ಸ್ ಎಂದು ಕರೆದರು. ಚಾಮರಾಜೇಂದ್ರ ಒಡೆಯರು ಅದೇ 1894ರ ಡಿಸೆಂಬರಿನಲ್ಲಿ ತೀರಿಕೊಂಡರು. ನೀರು ಊರು ಮುಟ್ಟಿದ್ದು 1896ರಲ್ಲಿ.

ಇನ್ನು ಆ ನೀರು ಬಂದ ದಾರಿ. ನನ್ನ ಮಟ್ಟಿಗೆ ಇಡೀ ಕತೆಯಲ್ಲಿ ಎಲ್ಲಕ್ಕಿಂತ ಚೆಂದದ ಭಾಗ ಇದು. ಹೆಸರಘಟ್ಟದಿಂದ ಸೋಲದೇವನಹಳ್ಳಿಯವರೆಗೆ ನೀರನ್ನು ಯಾವ ಯಂತ್ರವೂ ತಳ್ಳಲಿಲ್ಲ. ಇಟ್ಟಿಗೆಯ ಕಾಲುವೆ ಕಟ್ಟಿ, ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರು ಕೊಟ್ಟು, ನೀರು ತನ್ನ ಪಾಡಿಗೆ ತಾನು ಹರಿದು ಬರುವಂತೆ ಮಾಡಿದ್ದರು. ದಾರಿಯಲ್ಲಿ ತರಬನಹಳ್ಳಿಯ ಬಳಿ ನೆಲ ತಗ್ಗಿಗೆ ಬೀಳುತ್ತದೆ. ಕಾಲುವೆಯೂ ಅಲ್ಲಿ ಇಳಿದರೆ ಮುಂದೆ ನೀರು ಏರುವುದಿಲ್ಲ. ಅದಕ್ಕೇ ತಗ್ಗಿನ ಉದ್ದಕ್ಕೂ ಇಟ್ಟಿಗೆಯ ಕಮಾನುಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ತಲೆಯ ಮೇಲೆ ಕಾಲುವೆಯನ್ನು ಹಾಯಿಸಿದರು. ಕಮಾನಿನ ಕೆಳಗೆ ನಿಂತವನ ತಲೆಯ ಮೇಲೆ ನದಿಯ ನೀರು ಸದ್ದಿಲ್ಲದೆ ಸೋಲದೇವನಹಳ್ಳಿಯ ಕಡೆ ಸಾಗುತ್ತಿತ್ತು. ಲೆವೆಲ್ ನೋಡುವುದರಲ್ಲಿ ತಪ್ಪಿದ್ದರೆ ಇಡೀ ಕೆಲಸ ಕೆಡುತ್ತಿತ್ತು. ಇಂದಿನ ಸಲಕರಣೆಗಳೊಂದೂ ಇಲ್ಲದ ಕಾಲದಲ್ಲಿ ಇದನ್ನು ಸಾಧಿಸಿದವರ ಕೈಗೆ, ಇಟ್ಟಿಗೆ ಗಾರೆ ಹೊತ್ತ ಹೆಸರಿಲ್ಲದ ಕೂಲಿಯವರ ಕೈಗೂ, ಕೈ ಮುಗಿಯಬೇಕು.

ಸೋಲದೇವನಹಳ್ಳಿಗೆ ಬಂದ ಮೇಲೆ ಇಳಿಜಾರಿನ ಆಟ ಮುಗಿಯಿತು, ಮುಂದೆ ಏರು. ಇಲ್ಲಿಯ ಪಂಪುಮನೆ ನೀರನ್ನು ಏಣಿನ ಮೇಲಿನ ಮಲ್ಲೇಶ್ವರಕ್ಕೆ ಎತ್ತಬೇಕಿತ್ತು. ಶಿವನಸಮುದ್ರದ ವಿದ್ಯುತ್ತು ಇನ್ನೂ ಹುಟ್ಟಿರದ ಕಾಲ ಅದು. ಕೆ.ಜಿ.ಎಫ್.ಗೆ ಕರೆಂಟು ಹೋದದ್ದು 1902ರಲ್ಲಿ, ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ. ಆದ್ದರಿಂದ ಮೊದಲು ಈ ಕೆಲಸವನ್ನೆಲ್ಲ ಮಾಡಿದ್ದು ಉಗಿಯ ಪಂಪುಗಳು. ಹೀಗೆ ಎತ್ತಿದ ನೀರು ಸೇರುತ್ತಿದ್ದ ಜಾಗವನ್ನು ಮಲ್ಲೇಶ್ವರದ ಹಳಬರು ಜ್ಯೂವೆಲ್ ಫಿಲ್ಟರ್ ಎಂದೇ ಗುರುತಿಸುತ್ತಾರೆ.

ಮೂರು ವರ್ಷದ ಲೆಕ್ಕ ಬಹಳ ಕಾಲ ನಿಲ್ಲಲಿಲ್ಲ. ಮಳೆ ಕೈಕೊಟ್ಟು 1920ರ ದಶಕದಲ್ಲಿ ಹೆಸರಘಟ್ಟ ಬತ್ತಿತು.

ಆಗ ಸರ್ ಎಂ. ವಿಶ್ವೇಶ್ವರಯ್ಯನವರ ಮಾರ್ಗದರ್ಶನದಲ್ಲಿ ಅದೇ ಅರ್ಕಾವತಿಗೆ ಇನ್ನಷ್ಟು ಕೆಳಗೆ, ಶಿವಗಂಗೆ ಬೆಟ್ಟದಿಂದ ಬರುವ ಕುಮುದ್ವತಿ ಬಂದು ಕೂಡುವಲ್ಲಿ, ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಿದರು. 1933ರಲ್ಲಿ ಮುಗಿದ ಆ ಜಲಾಶಯದ ಹೆಸರು ಚಾಮರಾಜಸಾಗರ. ಕಾವೇರಿ ನೀರು ಬೆಂಗಳೂರಿಗೆ ಬಂದದ್ದು 1974ರಲ್ಲಿ. ಅಂದರೆ ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಈ ಊರಿನ ಕೊಳವೆಗಳನ್ನು ತುಂಬಿದ್ದು ಅರ್ಕಾವತಿ. ಅದರ ಹೆಸರು ಹೇಳಿದರೆ ಇಂದಿನ ಮಕ್ಕಳಿಗೆ ನೆನಪಾಗುವುದು ಬಿ.ಡಿ.ಎ. ಬಡಾವಣೆ ಎಂಬುದು ನೋವಿನ ಸಂಗತಿ.

ಅಂದಹಾಗೆ, ಇಂದಿನ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಬರುತ್ತದೆ. ಹೆಸರಘಟ್ಟ ಊರಿನಿಂದ ಸುಮಾರು 20 ಕಿಲೋಮೀಟರ್ ಆಚೆ ಅಷ್ಟೆ.

ಹಾಗಾದರೆ ಅರ್ಕಾವತಿ ಬತ್ತಿದ್ದೇಕೆ? ಮಳೆ ಕಡಿಮೆಯಾಯಿತು ಎನ್ನುವುದು ಎಲ್ಲರ ಬಾಯಲ್ಲಿರುವ ಉತ್ತರ. ಬೆಂಗಳೂರಿನ ಏಟ್ರೀ ಸಂಶೋಧನಾ ಸಂಸ್ಥೆಯವರು ಈ ಪ್ರಶ್ನೆಯನ್ನೇ ಹಿಡಿದು ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದರು. ಅವರು ಕಂಡುಕೊಂಡ ಪ್ರಕಾರ ತಪ್ಪು ಮಳೆಯದ್ದಲ್ಲ, ಬಿಸಿಲಿನದ್ದೂ ಅಲ್ಲ. ಕೊಳವೆಬಾವಿಗಳು ಅಂತರ್ಜಲವನ್ನು ಕೆಳಕ್ಕೆ ಎಳೆದವು, ನೀಲಗಿರಿ ತೋಪುಗಳು ನೆಲದ ತೇವವನ್ನು ಹೀರಿದವು, ಹಳ್ಳಗಳಿಗೆ ಅಡ್ಡಲಾಗಿ ಕಟ್ಟಿದ ಸಣ್ಣಪುಟ್ಟ ಒಡ್ಡುಗಳು ಹರಿವನ್ನು ತಡೆದವು. ಹಿಂದೆ ಈ ಸೀಮೆಯ ತೋಟಗಳಲ್ಲಿ ಎತ್ತು ಕಟ್ಟಿ ಕಪಿಲೆ ಹೊಡೆಯುತ್ತಿದ್ದರು. ತೆರೆದ ಬಾವಿಯಲ್ಲೇ ನೀರು ಸಿಗುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ನೆಲದಡಿಯ ನೀರು ಮೇಲಿದ್ದಾಗ ಮಳೆ ನಿಂತ ಮೇಲೂ ಒರತೆಗಳು ಹಳ್ಳಕ್ಕೆ ಜಿನುಗುತ್ತಿದ್ದವು, ನದಿ ಹರಿಯುತ್ತಿತ್ತು. ಈಗ ಸಾವಿರ ಅಡಿ ಕೊರೆದರೂ ನೀರು ಸಿಕ್ಕೀತೆಂಬ ಖಾತ್ರಿಯಿಲ್ಲ. ಇಂಥ ನೆಲದಲ್ಲಿ ಬಿದ್ದ ಮಳೆ ನದಿಯವರೆಗೆ ಬರುವುದಾದರೂ ಹೇಗೆ?

ತಿಪ್ಪಗೊಂಡನಹಳ್ಳಿಯ ಜಲಾನಯನ ಪ್ರದೇಶವನ್ನು ಕಾಪಾಡಲು ರಾಜ್ಯ ಸರ್ಕಾರ 2003ರ ನವೆಂಬರಿನಲ್ಲಿ ಆದೇಶ ಹೊರಡಿಸಿ, ಎಲ್ಲಿ ಏನು ಮಾಡಬಹುದು, ಏನು ಮಾಡಬಾರದು ಎಂದು ವಲಯಗಳನ್ನು ಗುರುತಿಸಿತು. ಹತ್ತು ವರ್ಷ ಕಳೆಯುವುದರೊಳಗೆ, 2012ರಲ್ಲಿ, ಮಾಲಿನ್ಯದಿಂದಾಗಿ ಅಲ್ಲಿಂದ ನಗರಕ್ಕೆ ನೀರೆತ್ತುವುದೇ ನಿಂತಿತು. ಮೇಲ್ಭಾಗದ ದೊಡ್ಡಬಳ್ಳಾಪುರದ ಕಡೆ ದೊಡ್ಡತುಮಕೂರು ಕೆರೆಗೆ ಕಾರ್ಖಾನೆಗಳ ಕೊಳೆ ಸೇರುತ್ತಿದೆ ಎಂದು ಹಳ್ಳಿಯವರು ವರ್ಷಗಟ್ಟಲೆ ಬೀದಿಗಿಳಿದು ಹೋರಾಡುತ್ತಿದ್ದಾರೆ. ಅವರ ಹೋರಾಟ ಅವರದ್ದಷ್ಟೇ ಅಲ್ಲ, ಕೆಳಗಿರುವ ನಮ್ಮೆಲ್ಲರದ್ದು.

ಅರ್ಕಾವತಿಯ ಮೇಲ್ಭಾಗ ಬರಿದು, ಕೆಳಭಾಗದಲ್ಲಿ ವರ್ಷಪೂರ್ತಿ ನೀರು. ಇದು ಹೇಗೆ? ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇವಸ್ಥಾನದ ಎದುರಿನ ನಂದಿ ತೀರ್ಥವನ್ನು ವೃಷಭಾವತಿಯ ಮೂಲವೆಂದು ಭಕ್ತರು ನಂಬುತ್ತಾರೆ. ಊರಿನ ಪಶ್ಚಿಮ ಭಾಗದ ಕೊಳಚೆಯನ್ನೆಲ್ಲ ಹೊತ್ತ ವೃಷಭಾವತಿ ಬೈರಮಂಗಲ ಕೆರೆ ದಾಟಿ, ಕನಕಪುರದ ಕಡೆ ಅರ್ಕಾವತಿಗೆ ಸೇರುತ್ತದೆ. ಸೋಲದೇವನಹಳ್ಳಿಯಿಂದ ಮಲ್ಲೇಶ್ವರಕ್ಕೆ ಹತ್ತಿದ ನೀರಿನ ಒಂದು ಪಾಲು ಅಂದೂ ಇದೇ ದಾರಿಯಲ್ಲಿ ತನ್ನ ನದಿಗೆ ಹಿಂತಿರುಗುತ್ತಿತ್ತು. ಇಂದು ಕಾವೇರಿಯಿಂದ ತಂದ ನೀರು ಕೊಳಕಾಗಿ ಇದೇ ದಾರಿಯಲ್ಲಿ ಸಂಗಮಕ್ಕೆ ಇಳಿಯುತ್ತದೆ.

ಅರ್ಕಾವತಿಯ ದಾರಿಯಲ್ಲಿರುವ ರಾಮನಗರವನ್ನು ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎನ್ನುತ್ತಿದ್ದರು, ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿನಿಂದ. ಊರಿನ ಹೆಸರು ಬದಲಾದರೂ ಭೂವಿಜ್ಞಾನಿಗಳು ಅದನ್ನು ಬಿಟ್ಟಿಲ್ಲ. ಅರ್ಕಾವತಿ ಅಲ್ಲಿ ಹಾದುಹೋಗುವ ಬಂಡೆಸಾಲಿಗೆ ಪ್ರಪಂಚದಾದ್ಯಂತ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಹೆಸರು. ವಯಸ್ಸು ಸುಮಾರು 250 ಕೋಟಿ ವರ್ಷ. 1975ರ ‘ಶೋಲೆ’ ಚಿತ್ರದ ಬಂಡೆಗಳು ಇವೇ.

ಬತ್ತಿದ ಮೇಲ್ಭಾಗಕ್ಕೆ ಹೊರಗಿನಿಂದ ನೀರು ತರುವ ಮಾತೂ ಇದೆ. ಘಟ್ಟದ ನೀರನ್ನು ಈ ಕಡೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಬಳಿ ಚಾಲನೆ ಸಿಕ್ಕಿತು. ಅರಬ್ಬೀ ಸಮುದ್ರಕ್ಕೆ ಹೋಗಬೇಕಾದ ಆ ನೀರಿನಿಂದ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ಎರಡನ್ನೂ ತುಂಬಿಸುವ ಆಲೋಚನೆ ಯೋಜನೆಯಲ್ಲಿದೆ. ಘಟ್ಟದ ನೀರು ಬರಲಿ, ಬಾರದಿರಲಿ, ಹೆಸರಘಟ್ಟಕ್ಕೆ ತನ್ನದೇ ಆದ ಜಲಾನಯನ ಪ್ರದೇಶವಿದೆ. ಆ ನೆಲವನ್ನು ಉಳಿಸುವುದೇ ಮೊದಲಾಗಬೇಕು.

ಅದಕ್ಕೇ ಇನ್ನೊಂದು ಸುದ್ದಿ ನನಗೆ ಹೆಚ್ಚು ಖುಷಿ ಕೊಟ್ಟಿದೆ. ಹೆಸರಘಟ್ಟ ಕೆರೆಯ ಸುತ್ತಲಿನ ಹುಲ್ಲುಗಾವಲನ್ನು ಬೀಳುಭೂಮಿ ಎಂದು ತಿಳಿದು ಯಾವ ಯಾವುದಕ್ಕೋ ಕೊಡುವ ಮಾತು ಬಹಳ ವರ್ಷ ನಡೆದಿತ್ತು. ಸಂರಕ್ಷಿತ ಪ್ರದೇಶ ಮಾಡಿ ಎಂಬ ಬೇಡಿಕೆ 2021ರಲ್ಲಿ ಬಿದ್ದುಹೋಗಿತ್ತು. ಪಕ್ಷಿಪ್ರಿಯರು, ಪರಿಸರದ ಕಾಳಜಿಯವರು ಬಿಡದೆ ಬೆನ್ನು ಹತ್ತಿದರು, ವಿಷಯ ಹೈಕೋರ್ಟು ಮುಟ್ಟಿತು. ಕೊನೆಗೆ 2024ರ ಅಕ್ಟೋಬರಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿ 5,678 ಎಕರೆಯನ್ನು ಹೆಸರಘಟ್ಟ ಹುಲ್ಲುಗಾವಲು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು. ಸೋಲದೇವನಹಳ್ಳಿಯಿಂದ ಹೆಸರಘಟ್ಟದ ರಸ್ತೆ ಹಿಡಿದರೆ ಸ್ವಲ್ಪ ಹೊತ್ತಿನ ದಾರಿ. ಮಳೆಗಾಲ ಮುಗಿಯುವ ಹೊತ್ತಿಗೆ ಹೋಗಿ. ಹುಲ್ಲು ಮೊಣಕಾಲುದ್ದ ಬೆಳೆದಿರುತ್ತದೆ, ಕೆರೆಯ ಅಂಗಳ ಯಾವ ಕಡೆಗಿದೆ ಎಂಬುದನ್ನು ನೆಲದ ಇಳಿಜಾರೇ ತೋರಿಸುತ್ತದೆ.