ನಂಬಿಕೆಗೆ ಕೊನೆಯ ಮೆಟ್ಟಿಲು ಇದೆಯೇ? ಸೇಲಂ–ಧರ್ಮಪುರಿ ಸೀಮೆಯಿಂದ ಒಂದು ಓದು

ಒಬ್ಬ ಮನುಷ್ಯನ ಆಧ್ಯಾತ್ಮಿಕ ನಂಬಿಕೆ ಅವನ ಆಯುಷ್ಯದಲ್ಲಿ ಹೇಗೆ ಬದಲಾಗುತ್ತೆ, ಆ ಬದಲಾವಣೆಯನ್ನು ನಾವು ಹೇಗೆ ಓದಬೇಕು ಅನ್ನೋದು ಇವತ್ತಿನ ನನ್ನ ವಿಷಯ.

ಮೊದಲು ಆಕರಗಳ ತೊಡಕನ್ನು ನೋಡೋಣ. ಧರ್ಮಪುರಿಯ ಹಳೆಯ ಹೆಸರು ತಗಡೂರು. ಅಲ್ಲಿ ನೊಳಂಬ ಮಹೇಂದ್ರನ ಕಾಲದ, ಕ್ರಿ.ಶ. 893ರ ಕನ್ನಡ ಶಾಸನವೊಂದು ಸಿಕ್ಕಿದೆ. ನಿಧಿಯಣ್ಣ, ಚಂಡಿಯಣ್ಣ ಎಂಬ ಸೋದರರು ಜೈನ ಬಸದಿ ಕಟ್ಟಿಸಿದ್ದನ್ನು ಅದು ದಾಖಲಿಸುತ್ತೆ. ದಾನ ಕೊಟ್ಟ ದಿನ ಅವರ ಶ್ರದ್ಧೆ ಎಲ್ಲಿತ್ತು ಅನ್ನೋದಷ್ಟೇ ಶಾಸನದ ಕೆಲಸ. ಅದರ ಹಿಂದುಮುಂದಿನ ವರ್ಷಗಳು ಅದಕ್ಕೆ ಬೇಕಿಲ್ಲ. ಕಾವ್ಯದ ದಾರಿ ಬೇರೆ. ಹರಿಹರನ ರಗಳೆಯಲ್ಲಿ ಬಸವಣ್ಣ ಜನಿವಾರ ಕಿತ್ತೆಸೆದು ಹೊರಡುವ ಒಂದು ಗಳಿಗೆಯಲ್ಲೇ ಅವನ ಹಿಂದಿನ ಬದುಕು ಮುಗಿದು ಹೊಸದು ಶುರುವಾಗುತ್ತೆ. ಬದಲಾವಣೆ ಅಂದ್ರೆ ಒಂದೇ ಏಟಿಗೆ ಆಗೋದು ಅನ್ನೋ ಕಲ್ಪನೆ ನಮ್ಮಲ್ಲಿ ಇಂಥ ಕಥನಗಳಿಂದಲೂ ಬೆಳೆದಿದೆ.

ಇದನ್ನು ಒಂದು ನಿಜ ಬದುಕಿನ ಪಕ್ಕದಲ್ಲಿಟ್ಟು ನೋಡೋಣ. ಪೆರಿಯಾರ್ ಇ.ವಿ. ರಾಮಸಾಮಿ 1879ರಲ್ಲಿ ಈರೋಡಿನಲ್ಲಿ ಹುಟ್ಟಿದರು. ಮನೆಮಾತು ಕನ್ನಡ, ಮನೆತನ ವೈಷ್ಣವ ಭಕ್ತರದ್ದು. 1904ರಲ್ಲಿ ಕಾಶಿಗೆ ಹೋದಾಗ, ಬ್ರಾಹ್ಮಣರಿಗೆ ಮಾತ್ರ ಊಟ ಹಾಕುತ್ತಿದ್ದ ಛತ್ರದಿಂದ ಹೊರದೂಡಿಸಿಕೊಂಡು, ಹಸಿವು ತಾಳದೆ ಬೀದಿಗೆ ಎಸೆದ ಎಂಜಲೆಲೆಯಲ್ಲಿ ಉಂಡ ಕಥೆ ಎಲ್ಲರಿಗೂ ಗೊತ್ತು. ಅಲ್ಲೇ ಅವರು ನಾಸ್ತಿಕರಾದರು ಅಂತ ಹೇಳಿಬಿಡ್ತೀವಿ. ಆದರೆ ಕಾಶಿಯಿಂದ ವಾಪಸ್ ಬಂದ ಮೇಲೂ ಅವರು ಈರೋಡಿನಲ್ಲಿ ದೇವಸ್ಥಾನ ಸಮಿತಿಯ ಜವಾಬ್ದಾರಿ ಹೊತ್ತಿದ್ದರು. 1919ರಲ್ಲಿ ಕಾಂಗ್ರೆಸ್ ಸೇರಿದರು. 1924ರಲ್ಲಿ ವೈಕಂ ಹೋರಾಟಕ್ಕಾಗಿ ಜೈಲಿಗೆ ಹೋದರು. ಗಮನಿಸಿ, ಅಲ್ಲಿ ಕೇಳಿದ್ದು ದೇವಸ್ಥಾನದ ಸುತ್ತಲಿನ ಬೀದಿಯಲ್ಲಿ ಎಲ್ಲರೂ ನಡೆಯುವ ಹಕ್ಕನ್ನು. ಮರುವರ್ಷ ಕಾಂಗ್ರೆಸ್ ಬಿಟ್ಟು ಸ್ವಾಭಿಮಾನ ಚಳವಳಿ ಕಟ್ಟಿದರು. 1931–32ರಲ್ಲಿ ಯುರೋಪ್, ಸೋವಿಯತ್ ರಷ್ಯಾ ಸುತ್ತಿ ಬಂದರು. 1944ರಲ್ಲಿ ನಮ್ಮ ಸೇಲಂನಲ್ಲೇ ಜಸ್ಟಿಸ್ ಪಕ್ಷ ದ್ರಾವಿಡರ್ ಕಳಗಂ ಆಯಿತು. ಕಾಶಿಯಿಂದ ಸೇಲಂವರೆಗೆ ನಲವತ್ತು ವರ್ಷ. ಕಾಶಿ ಒಂದು ಗಾಯ, ನಿಜ. ಅದರ ಅರ್ಥ ಅವರಿಗೇ ಬಿಡಿಸಿಕೊಂಡು ಬಂದದ್ದು ನಿಧಾನವಾಗಿ, ಅದೂ ಬೇರೆಬೇರೆ ಕೆಲಸಗಳ ನಡುವೆ.

ಹಾಗಾದರೆ ಇಂಥ ನಿಧಾನದ ಬದಲಾವಣೆಯನ್ನು ಹೇಳೋಕೆ ಕನ್ನಡದಲ್ಲಿ ಚೌಕಟ್ಟು ಇಲ್ಲವೇ? ಇದೆ: ಷಟ್‌ಸ್ಥಲ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ಪರೀಕ್ಷೆಗೆ ಓದುವಾಗ ನಾವು ಇವನ್ನು ಆರು ಮೆಟ್ಟಿಲು ಅಂತ ಬಾಯಿಪಾಠ ಮಾಡ್ತೀವಿ. ಮೆಟ್ಟಿಲು ಅಂದಕೂಡಲೇ ಕೊನೆಯದೇ ನಿಜ, ಹಿಂದಿನವು ಬರೀ ದಾರಿ ಅನ್ನೋ ಭಾವನೆ ಬಂದುಬಿಡುತ್ತೆ. ಆದರೆ ಚೆನ್ನಬಸವಣ್ಣನ ಮಿಶ್ರ ಷಟ್‌ಸ್ಥಲದಲ್ಲಿ ಒಂದೊಂದು ಸ್ಥಲದೊಳಗೂ ಉಳಿದ ಸ್ಥಲಗಳು ಇರುತ್ತವೆ. ಐಕ್ಯನೊಳಗೂ ಭಕ್ತ ಇದ್ದಾನೆ. ಇದು ಶಿವಭಕ್ತಿಯ ಶಾಸ್ತ್ರ, ನಾಸ್ತಿಕನಿಗೆ ಅಂಟಿಸೋದು ಅನ್ಯಾಯ ಅಂತ ಯಾರಾದರೂ ಕೇಳಬಹುದು. ಒಪ್ತೀನಿ. ನಾನು ತಗೊಳ್ತಿರೋದು ಅದರ ದೈವವನ್ನಲ್ಲ, ಹಳೆಯದು ಹೊಸದರೊಳಗೆ ಉಳಿಯುತ್ತೆ ಅನ್ನೋ ವಿನ್ಯಾಸವನ್ನು ಮಾತ್ರ.

ಈ ವಿಷಯ ನನಗೆ ಯಾಕೆ ಬೇಕಾಯಿತು ಅಂತ ಹೇಳಬೇಕು. ನಮ್ಮದು ಸೇಲಂನ ದೇವಾಂಗ ನೇಕಾರರ ಮನೆ. ಒಳಗೆ ಕನ್ನಡ, ಬೀದಿಯಲ್ಲಿ ತಮಿಳು. ನಮ್ಮ ತಾತ ಹುಡುಗನಾಗಿದ್ದಾಗ ಚೌಡೇಶ್ವರಿ ಹಬ್ಬದಲ್ಲಿ ಅಲಗು ಸೇವೆ ಮಾಡಿದವರು. ಎದೆ ಮೇಲೆ ಗಾಯದ ಗುರುತಿತ್ತು. 1971ರಲ್ಲಿ ಸೇಲಂನಲ್ಲಿ ಪೆರಿಯಾರರ ಮೂಢನಂಬಿಕೆ ನಿರ್ಮೂಲನ ಸಮ್ಮೇಳನ ಆದಾಗ ಅದೇ ಎದೆ ಮೇಲೆ ಕಪ್ಪು ಅಂಗಿ ತೊಟ್ಟು ಮೆರವಣಿಗೆಗೆ ಹೋದರು. ಆಮೇಲೆ ಮೂವತ್ತು ವರ್ಷ ಗುಡಿಯೊಳಗೆ ಕಾಲಿಡಲಿಲ್ಲ. ಅಜ್ಜಿಗೆ ಕಣ್ಣು ಮಂದವಾದ ಮೇಲೆ ಅವರ ಕೈ ಹಿಡಿದು ಗುಡಿಗೆ ಕರಕೊಂಡು ಹೋಗೋರು. ಮೊದಮೊದಲು ಬಾಗಿಲಲ್ಲೇ ನಿಲ್ಲೋರು, ಆಮೇಲೆ ಒಳಗೂ ಹೋದರು. ಕೈ ಮುಗಿದದ್ದನ್ನು ನಾನು ನೋಡಿಲ್ಲ.

ತಾತ ತೀರಿಕೊಂಡಾಗ ಮನೆಯಲ್ಲಿ ಜಗಳವಾಯಿತು. ದೊಡ್ಡಪ್ಪ, "ಕೊನೆಗಾಲಕ್ಕೆ ಅಮ್ಮನ ಹತ್ರಾನೇ ಬಂದ್ರಲ್ಲ, ಕರ್ಮ ಮಾಡಲೇಬೇಕು" ಅಂದರು. ನಮ್ಮಪ್ಪ, "ಕಪ್ಪು ಅಂಗಿ ಪೆಟ್ಟಿಗೇಲೇ ಇದೆ, ಯಾವತ್ತೂ ಬಿಸಾಕಲಿಲ್ಲ" ಅಂದರು. ಇಬ್ಬರೂ ಹುಡುಕುತ್ತಿದ್ದದ್ದು ಕೊನೆಯ ಮೆಟ್ಟಿಲನ್ನು. ಕಡೆಗೆ ಅಜ್ಜಿ ತೀರ್ಮಾನ ಮಾಡಿದರು: ಕರ್ಮ ಆಗಲಿ, ಕಪ್ಪು ಅಂಗಿನೂ ಹೆಣದ ಮೇಲೆ ಹಾಸಿ. ಹಾಗೇ ಆಯಿತು. ಬಂದ ನೆಂಟರಲ್ಲಿ ಕೆಲವರಿಗೆ ಇದು ಸರಿ ಕಾಣಲಿಲ್ಲ.

ಅಜ್ಜಿಗೆ ಷಟ್‌ಸ್ಥಲ ಗೊತ್ತಿಲ್ಲ, ಕನ್ನಡ ಓದೋಕೂ ಬರಲ್ಲ. ಆದರೆ ಅವರ ತೀರ್ಮಾನ ಚೆನ್ನಬಸವಣ್ಣನ ವಿನ್ಯಾಸಕ್ಕೆ ಹತ್ತಿರವಿತ್ತು ಅಂತ ನನಗನಿಸುತ್ತೆ. ಒಬ್ಬರ ನಂಬಿಕೆಯ ಚರಿತ್ರೆ ಬರೆಯುವಾಗ ನಾವು ಸಾಮಾನ್ಯವಾಗಿ ಅವರು ತಿರುಗಿದ ಗಳಿಗೆಯನ್ನೋ ಕೊನೆಯ ದಿನವನ್ನೋ ಹುಡುಕುತ್ತೇವೆ. ನಡುವಿನ ವರ್ಷಗಳಲ್ಲಿ ಅವರು ಯಾರ ಜೊತೆ ಇದ್ದರು, ಏನು ಕೆಲಸ ಮಾಡುತ್ತಿದ್ದರು, ಯಾವುದನ್ನು ಬಿಸಾಕದೆ ಇಟ್ಟುಕೊಂಡಿದ್ದರು ಅನ್ನೋದನ್ನೂ ಆಕರವೆಂದು ಎಣಿಸಬೇಕು ಅನ್ನೋದು ನನ್ನ ಸಲಹೆ. ಗಡಿಸೀಮೆಯ ಕನ್ನಡ ಮನೆಗಳಲ್ಲಿ ಇಂಥ ಪೆಟ್ಟಿಗೆಗಳು ಇನ್ನೂ ಇವೆ. ಅವುಗಳ ಕಥೆ ಹೇಳಬಲ್ಲವರಿಗೆ ವಯಸ್ಸಾಗುತ್ತಿದೆ. ನಿಮ್ಮ ಪ್ರಶ್ನೆಗಳಿಗೆ ಕಾಯ್ತಿದ್ದೀನಿ.