ಬರಿಗಾಲಿನ ಬಿಲ್ಲುಗಾರ

1952ನೆಯ ಇಸವಿ ಜುಲೈ 15. ಫಿನ್‌ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ಒಲಿಂಪಿಕ್ ಫುಟ್‌ಬಾಲ್ ಪಂದ್ಯ ಮುಗಿಯಲು ಒಂದೇ ನಿಮಿಷ ಉಳಿದಿತ್ತು. ಯುಗೋಸ್ಲಾವಿಯದ ಖಾತೆಯಲ್ಲಿ ಹತ್ತು ಗೋಲುಗಳು. ಭಾರತದ ಖಾತೆಯಲ್ಲಿ ಬರಿಯ ಸೊನ್ನೆ. ಜೆಬೆಕ್ ಎಂಬ ಆಟಗಾರನೊಬ್ಬನೇ ನಾಲ್ಕು ಗೋಲು ಹೊಡೆದಿದ್ದ. ಇಂಥ ಹೊತ್ತಿನಲ್ಲಿ ಯಾವ ಆಟಗಾರನ ಕಾಲಾದರೂ ಸೋತು ಹೋಗಬೇಕು. ಆದರೆ 89ನೆಯ ನಿಮಿಷದಲ್ಲಿ ಬೆಂಗಳೂರಿನ ಇಪ್ಪತ್ತೈದು ವರ್ಷದ ಅಹಮದ್ ಖಾನರು ಚೆಂಡನ್ನು ಎದುರಾಳಿಗಳ ಗೋಲಿನೊಳಕ್ಕೆ ಕಳುಹಿಸಿದರು. ಹತ್ತಕ್ಕೆ ಒಂದು! ಗೆಲುವಿನ ಆಸೆ ಎಂದೋ ಬತ್ತಿದ್ದರೂ ಆಟದ ಆಸೆ ಬತ್ತಿರಲಿಲ್ಲ.

ಅಹಮದ್ ಖಾನರು 1926ರ ಡಿಸೆಂಬರ್ 24ರಂದು ಬೆಂಗಳೂರಿನಲ್ಲಿ ಜನಿಸಿದರು. ಮನೆತನವೇ ಫುಟ್‌ಬಾಲಿನದು, ಸೋದರರೂ ಆಟಗಾರರೇ. ಬಾಲಕನಿಗೆ ಹತ್ತು ವರ್ಷ ತುಂಬಿದ್ದಾಗ ಊರಿಗೆ ಊರೇ ಹಿಗ್ಗುವಂಥ ಸಂಗತಿಯೊಂದು ನಡೆಯಿತು. 1891ರಿಂದ ಬಿಳಿಯ ಸೈನಿಕ ತಂಡಗಳ ಸೊತ್ತಿನಂತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಗೆದ್ದು ತಂದಿತು. ಮರುವರ್ಷ ಮತ್ತೆ ಗೆದ್ದಿತು. ಅದೇ ತಂಡದ ಅಂಗಿಯನ್ನು ಮುಂದೆ ಅಹಮದರೂ ತೊಟ್ಟರು.

ಆ ಕಾಲದ ನಮ್ಮ ಹುಡುಗರು ಆಡುತ್ತಿದ್ದುದು ಬರಿಗಾಲಿನಲ್ಲಿ. ಇದಕ್ಕೆ ಬಡತನವೊಂದೇ ಕಾರಣವೆನ್ನುವುದು ಸರಿಯಲ್ಲ. ಗಟ್ಟಿ ನೆಲದ ಮೇಲೆ ಬರಿಗಾಲಿನವನಿಗೆ ಚೆಂಡಿನ ತಿರುವೆಲ್ಲ ಬೆರಳಿನ ತುದಿಯಲ್ಲೇ ತಿಳಿಯುತ್ತದೆ; ತೊಗಲಿನ ಬೂಟು ಆ ಸ್ಪರ್ಶವನ್ನು ಕಸಿದುಕೊಳ್ಳುತ್ತದೆ. ಆದರೆ ನೆಲ ಒದ್ದೆಯಾಯಿತೋ, ಕಥೆ ಬೇರೆ. ಮೊಳೆಯಿರುವ ಬೂಟಿನವನು ಕಚ್ಚಿ ನಿಲ್ಲುತ್ತಾನೆ, ಬರಿಗಾಲಿನವನು ಜಾರುತ್ತಾನೆ. ಬೂಟಿನ ತುಳಿತವನ್ನು ಸಹಿಸುವ ಕಷ್ಟವಂತೂ ಬೇರೆಯೇ.

1948ರ ಲಂಡನ್ ಒಲಿಂಪಿಕ್ಸಿಗೆ ಸ್ವತಂತ್ರ ಭಾರತದ ತಂಡ ಹೋದಾಗಲೂ ಬಹುಮಂದಿಯ ಪಾದಗಳು ಬರಿದಾಗಿಯೇ ಇದ್ದುವು. ಜುಲೈ 31ರಂದು ಇಲ್‌ಫರ್ಡಿನಲ್ಲಿ ಎದುರಾದದ್ದು ಫ್ರಾನ್ಸ್. ಎರಡು ಪೆನಾಲ್ಟಿಗಳು ವ್ಯರ್ಥವಾದರೂ, ಮೈಸೂರು ಸಂಸ್ಥಾನದವರೇ ಆದ ಸಾರಂಗಪಾಣಿ ರಾಮನ್ 70ನೆಯ ನಿಮಿಷದಲ್ಲಿ ಗೋಲು ಹೊಡೆದು ಆಟವನ್ನು ಸಮ ಮಾಡಿದರು. ಒಲಿಂಪಿಕ್ಸಿನಲ್ಲಿ ಭಾರತದ ಮೊದಲ ಗೋಲು ಅದು. ಕೊನೆಗೆ ಫ್ರಾನ್ಸ್ 2–1ರಿಂದ ಗೆದ್ದಿತು. ಗೆಲುವಿನ ಗೋಲು ಬಂದದ್ದು 89ನೆಯ ನಿಮಿಷದಲ್ಲಿ. ಅಂದು ಭಾರತವನ್ನು ಮುಳುಗಿಸಿದ ನಿಮಿಷವೇ ನಾಲ್ಕು ವರ್ಷಗಳ ಅನಂತರ ಅಹಮದರ ಪಾಲಿಗೆ ಬಂದದ್ದು ವಿಧಿಯ ವಿನೋದವೆನ್ನಬೇಕು.

ರಾಜಾಜಿನಗರ ಉದಯಿಸಿದ 1949ರಲ್ಲೇ ಅಹಮದ್ ಖಾನರು ಬೆಂಗಳೂರು ಬಿಟ್ಟು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ, ಅಹಮದ್: ಮುನ್ನಡೆಯ ಈ ಐವರೂ ದಕ್ಷಿಣದವರು. ಕಲ್ಕತ್ತೆಯ ಜನ ಇವರನ್ನು ಪಂಚಪಾಂಡವರೆಂದು ಕರೆದರು. ಅರಗಿನ ಮನೆಯೂ ಇಲ್ಲ, ವನವಾಸವೂ ಇಲ್ಲ. ಮೊದಲ ವರ್ಷವೇ ಲೀಗ್, ಐ.ಎಫ್.ಎ. ಷೀಲ್ಡ್, ರೋವರ್ಸ್ ಮೂರೂ ಕೈವಶವಾದುವು. ಷೀಲ್ಡ್ 1951ರವರೆಗೆ ಸತತವಾಗಿ ಅವರಲ್ಲಿಯೇ ಉಳಿಯಿತು. ಕಾಲಿಗೆ ಅಂಟಿದಂತೆ ಚೆಂಡನ್ನು ಕುಣಿಸುತ್ತಿದ್ದ ಅಹಮದರಿಗೆ ಹಾವಾಡಿಗನೆಂಬ ಬಿರುದು ಬಂತು. 1951ರ ಮಾರ್ಚಿಯಲ್ಲಿ ದೆಹಲಿಯ ಏಷ್ಯನ್ ಕ್ರೀಡೆಗಳಲ್ಲಿ ಇರಾನನ್ನು ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿಯೂ ಅವರಿದ್ದರು.

ಅಷ್ಟಾದ ಮೇಲೆ ಬಂದದ್ದು ಹೆಲ್ಸಿಂಕಿ. ಉತ್ತರದ ಚಳಿಯಲ್ಲಿ ಬರಿಯ ಪಾದಗಳ ಜಾಣ್ಮೆ ನಡೆಯಲಿಲ್ಲ. ಎದುರಾಳಿಗಳೇನೂ ಸಾಮಾನ್ಯರಲ್ಲ, ಅವರು ಅಂತಿಮ ಪಂದ್ಯದವರೆಗೂ ಹೋಗಿ ಹಂಗೆರಿಗೆ ಮಾತ್ರ ಮಣಿದರು. ಆದರೂ ಆ ಹತ್ತು ಗೋಲುಗಳ ಅವಮಾನ ದೇಶವನ್ನು ಚುಚ್ಚಿತು. ಬೂಟು ಕಡ್ಡಾಯವಾಯಿತು. ಬಾಲ್ಯದಿಂದ ಬರಿಗಾಲಿನಲ್ಲಿ ಕಲಿತ ವಿದ್ಯೆಯನ್ನು ಇಪ್ಪತ್ತಾರರ ಹೊಸ್ತಿಲಲ್ಲಿ ತೊಗಲಿನೊಳಗೆ ತುರುಕಿ ಮತ್ತೆ ಕಲಿಯುವುದೆಂದರೆ, ಬೆರಳಿಂದ ವೀಣೆ ನುಡಿಸುತ್ತಿದ್ದವನಿಗೆ ಕೈಚೀಲ ತೊಡಿಸಿದಂತೆ. ಅಲ್ಲಿಗೆ ನಿವೃತ್ತರಾಗಿದ್ದರೂ ಯಾರೂ ದೂರುತ್ತಿರಲಿಲ್ಲ. ಅಹಮದರು ನಿಲ್ಲಿಸಲಿಲ್ಲ. 1953ರಲ್ಲಿ ಈಸ್ಟ್ ಬೆಂಗಾಲ್ ರುಮೇನಿಯ, ರಷ್ಯಗಳಿಗೆ ಹೋಗಿ ಆಡಿತು. 1956ರಲ್ಲಿ ಡ್ಯೂರಾಂಡ್ ಕಪ್ಪನ್ನು ಮತ್ತೆ ಗೆದ್ದಿತು. ದಶಕ ಮುಗಿಯುವವರೆಗೂ ಅವರು ಆ ಕ್ಲಬ್ಬನ್ನು ಬಿಡಲಿಲ್ಲ.

ಆಮೇಲೆ ಹುಟ್ಟೂರಿಗೆ ಮರಳಿದರು. ಅಷ್ಟರಲ್ಲಿ ಊರು ಪಶ್ಚಿಮಕ್ಕೆ ಬೆಳೆಯತೊಡಗಿತ್ತು. ಇಂದು ವಿಜಯನಗರ, ಬಸವೇಶ್ವರನಗರಗಳ ಬಯಲುಗಳಲ್ಲಿ ಬಣ್ಣಬಣ್ಣದ ಬೂಟು ತೊಟ್ಟ ಮಕ್ಕಳು ದೂರದ ಸ್ಪೇನಿನ ಆಟಗಾರರ ಹೆಸರನ್ನು ತಪ್ಪಿಲ್ಲದೆ ಹೇಳುತ್ತಾರೆ. ಅಹಮದ್ ಖಾನರ ಹೆಸರು ಕೇಳಿದರೆ ಮುಖ ಮುಖ ನೋಡುತ್ತಾರೆ. ಪಾಂಡವರಲ್ಲಿ ಕೊನೆಯವರಾಗಿ ಉಳಿದಿದ್ದ ಅವರು, 2017ರ ಆಗಸ್ಟ್ 27ರಂದು, ತೊಂಬತ್ತರ ವಯಸ್ಸಿನಲ್ಲಿ, ಬೆಂಗಳೂರಿನಲ್ಲೇ ಕಣ್ಮುಚ್ಚಿದರು.